ಲೋಕಮ್ಮನ ತಲೆ ಮೇಲಿನ ಬುಟ್ಟಿ

ನಮ್ಮ ರೋಜಾ ಆವತ್ತು ಬಾವಿ ಹತ್ರ ಬರುವಾಗ ರಾತ್ರಿ ಹತ್ತೂವರೆ ದಾಟಿತ್ತು. ಬಾವಿ ಅಂದ್ರೆ ಅದೇ, ನಮ್ಮ ಹೊಸಬಾಳೆ ಊರ ಹೊರಗೆ, ಹಳೇ ಅಕ್ಕಿ ಮಿಲ್ಲಿಗೆ ಹೋಗೋ ದಾರಿಲಿ, ಮೇಲೆ ಕಬ್ಬಿಣದ ಜಾಲರಿ ಹಾಕಿರೋದು. ರೋಜಾ ನನ್ನ ಚಿಕ್ಕಮ್ಮನ ಮಗಳು. ಸುಳ್ಳು ಹೇಳೋಕೆ ಬರಲ್ಲ ಅದಕ್ಕೆ. ಬರ್ತಿದ್ರೆ ಇಷ್ಟೊತ್ತಿಗೆ ಉದ್ಧಾರ ಆಗಿರ್ತಿತ್ತು.

ಮೊದ್ಲು ಬಂದಿದ್ದು ನಾತ. ಹಳಸಿದ ಅನ್ನ, ಕೊಳೆತ ಸೊಪ್ಪು, ಹುಳಿ ಬಂದ ಮೊಸರು… ಎಲ್ಲ ಒಟ್ಟಿಗೆ. ಆಮೇಲೆ ಸದ್ದು. ಕಿರ್ರ್… ಕಿರ್ರ್… ಬಿದಿರು ಬುಟ್ಟಿ ತುಂಬಿಸಿ ತಲೆ ಮೇಲೆ ಹೊತ್ಕೊಂಡು ನಡೆದ್ರೆ ಬರ್ತದಲ್ಲ, ಅದೇ. ಅದ್ರ ಮಧ್ಯೆ ಮಧ್ಯೆ… ತೊಟ್. ತೊಟ್. ಜಾಲರಿ ಮೇಲೆ ಎಂತದೋ ಹನೀತಾ ಇತ್ತು.

ರೋಜಾ ಮೊಬೈಲ್ ಲೈಟು ಹಾಕಿದ್ಲು. ಬಾವಿ ಕಟ್ಟೆ ಆಚೆ ಒಂದು ಹೆಂಗಸು. ತಲೆ ಮೇಲೆ ಬುಟ್ಟಿ. ಕತ್ತು ಭುಜದೊಳಗೆ ಹೂತು ಹೋದಂಗೆ ಇತ್ತಂತೆ. ಬುಟ್ಟಿಯಿಂದ ಇಳಿದ ರಸ ಮುಖದ ತುಂಬ. ಕಣ್ಣು ಬಿಡೋಕೂ ಆಗ್ದೆ ಮುಚ್ಕೊಂಡು ನಿಂತಿತ್ತು.

‘ರೋಜೀ… ಒಂಚೂರು ಕೈ ಕೊಡೇ.’

ಹಂಗೆ ‘ರೋಜೀ’ ಅಂತ ಕರೀತಿದ್ದಿದ್ದು ಈ ಲೋಕದಲ್ಲಿ ಒಬ್ರೇ. ಅವಳ ಅತ್ತೆ, ಲೋಕಮ್ಮ. ಲೋಕಮ್ಮ ಸತ್ತು ಆವತ್ತಿಗೆ ಹನ್ನೆರಡು ದಿನ.

ರೋಜಾ ಕೈ ಕೊಡ್ಲಿಲ್ಲ. ಓಡಿ ಬಂದ್ಲು. ಚಪ್ಪಲಿ ಅಲ್ಲೇ ಬಿಟ್ಟು, ಸೀದಾ ನಮ್ಮನೆಗೆ. ನಾನು ಬಾಗಿಲು ತೆಗೆದ್ರೆ ಹೊಸಿಲ ಮೇಲೇ ಕುಕ್ಕರಿಸಿ ಅತ್ಲು. ‘ಸುನಿತಕ್ಕ, ಅತ್ತೆ ಕೈ ಕೇಳಿದ್ರು… ನಾ ಓಡಿ ಬಂದೆ…’ ಇಷ್ಟೇ. ಹೆದರಿ ಅತ್ತಿದ್ದಲ್ಲ ಅದು. ನಾಚಿಕೆಗೆ.

ತಡೀರಿ, ಬುಟ್ಟಿದು ಹೇಳದೆ ಹೋದ್ರೆ ನಿಮ್ಗೆ ತಲೆಬುಡ ಗೊತ್ತಾಗಲ್ಲ.

ಆ ಮಿಲ್ಲು ನಿಂತು ಎಷ್ಟೋ ವರ್ಷ ಆಯ್ತಲ್ಲ, ಈಗ ಅಲ್ಲಿ ಕಲಾವಿದರ ಕೇಂದ್ರ ಅಂತ ಇದೆ. ಸರ್ಕಾರದ್ದಲ್ಲ. ಚಿತ್ತಾರ ಬರೆಯೋರು, ಬುಟ್ಟಿ ಹೆಣೆಯೋರು, ಮರ ಕೆತ್ತೋರು, ಒಂಬತ್ತು ಜನ ತಾವೇ ಸೇರಿ ನಡೆಸೋದು, ರೋಜಾನೂ ಅದ್ರಲ್ಲಿ ಒಬ್ಳು. ಕೀ ವಾರಕ್ಕೊಂದು ಮನೇಲಿ ಇರ್ತದೆ. ಎಂತ ಮಾಡೋದಿದ್ರೂ ಕೈ ಎತ್ತಿ ತೀರ್ಮಾನ. ಬಾಗಿಲ ಪಕ್ಕ ಕರೀ ಹಲಗೆ ಮೇಲೆ ‘ಮುಂದಿನ ಕಾರ್ಯಕ್ರಮಗಳು’ ಅಂತ ಬರೆದಿರ್ತಾರೆ. ಈ ಸಲ ಬರೆದಿದ್ದು, ಭೂಮಿ ಹುಣ್ಣಿಮೆಯಿಂದ ದೀಪಾವಳಿ ಅಮಾಸೆ ತನಕ ಭೂಮಣ್ಣಿ ಬುಟ್ಟಿ, ಅಂದ್ರೆ ಆ ಹುಣ್ಣಿಮೆಗೆ ಗದ್ದೆಗೆ ಎಡೆ ಹೊರೋ ಚಿತ್ತಾರದ ಬುಟ್ಟಿ, ಅದ್ರ ಪ್ರದರ್ಶನ. ಅದಾದ್ಮೇಲೆ ತಾಳಗುಂದದ ಹುಡುಗ್ರು ತೆಗೆದ ಫೋಟೋಗಳದ್ದು. ಅದಾದ್ಮೇಲೆ ಹಸೆ ಚಿತ್ತಾರದ ಕಮ್ಮಟ, ಅದಕ್ಕೆ ಗೋಡೆ ತಯಾರು ಮಾಡೋ ಕೆಲಸ ರೋಜಾದು. ಒಳ್ಳೇ ಜಾಗ, ನಾನೂ ಹೋಗಿ ಟೀ ಕುಡಿದು ಬರ್ತಿದ್ದೆ. ದೇವರಾಜ ಮೇಷ್ಟ್ರು ಬರೋ ತನಕ ಒಳ್ಳೇದೇ ಇತ್ತು.

ಮೇಷ್ಟ್ರು ಶಿಕಾರಿಪುರದವ್ರು. ಡ್ರಾಯಿಂಗ್ ಕಲಿಸಿ ರಿಟೈರ್ ಆದೋರು. ಸ್ಕೂಟರಲ್ಲಿ ಬರೋದು, ಎಲ್ಲದಕ್ಕೂ ಮೂಗು ತೂರಿಸೋದು. ಇಂಗ್ಲಿಷಲ್ಲಿ ಪತ್ರ ಬರೆಯೋಕೆ ಬರ್ತದಲ್ಲ, ಅದಕ್ಕೇ ಇವ್ರೆಲ್ಲ ಸೇರಿ ಕಾರ್ಯದರ್ಶಿ ಮಾಡಿದ್ರು.

ಲೋಕಮ್ಮ ಹುಣ್ಣಿಮೆಗೆ ನಾಕು ದಿನ ಇರುವಾಗ ಹೋಗ್ಬಿಟ್ಲು. ಅಷ್ಟೊತ್ತಿಗೆ ಆ ವರ್ಷದ ಬುಟ್ಟಿ ಬರೆದು ಮುಗಿಸಿದ್ಲು. ಸಗಣಿ ಸಾರ್ಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಲ್ಲಿ ಎಳೆ… ಎಪ್ಪತ್ತೆರಡು ವರ್ಷದ ಕೈ, ಒಂದು ಎಳೆ ನಡುಗಿದ್ರೆ ಕೇಳಿ. ಮನೇಲಿ ಸೂತಕ, ಆ ವರ್ಷ ಅವ್ರಿಗೆ ಹಬ್ಬ ಇಲ್ಲ, ಬುಟ್ಟಿ ಗದ್ದೆಗೆ ಹೋಗಂಗಿಲ್ಲ. ಮೇಷ್ಟ್ರು ಬಂದು ಪ್ರದರ್ಶನಕ್ಕೆ ಕೇಳಿದ್ರು. ರೋಜಾ ಗಂಡ ಅರುಣ, ತಗಂಡು ಹೋಗಿ ಅಂತ ಕೊಟ್ಟ. ಖಾಲಿ ಬುಟ್ಟಿ. ಅದ್ರಲ್ಲಿ ತಪ್ಪಿಲ್ಲ, ನೋಡೋಕೆ ಚೆಂದ, ಇಡ್ಲಿ.

ಈ ಪುಣ್ಯಾತ್ಮ ಎಂತ ಮಾಡ್ದ ಗೊತ್ತಾ? ತುಂಬಿಸ್ದ!

ಭೂಮಣ್ಣಿ ಬುಟ್ಟಿಗೆ ಎಡೆ ತುಂಬಿದ್ಮೇಲೆ ಅದು ಗದ್ದೇಲೇ ಇಳೀಬೇಕು. ನಡುವೆ ಎಲ್ಲೂ ಇಳಿಸಂಗಿಲ್ಲ. ಬೆಳಗಿನ ಜಾವ ಮನೆಯಿಂದ ತಲೆ ಮೇಲೆ ಹೋಗಿ, ಗದ್ದೆ ಮೂಲೇಲಿ ಇಳ್ದು, ಭೂಮಿತಾಯಿಗೆ ಬಡಿಸಿದ ಮೇಲೇ ಹೊತ್ತೋಳಿಗೆ ಬಿಡುಗಡೆ. ಹೊತ್ತೋಳು ಒಬ್ಳೇ ಇಳಿಸ್ಕೊಳ್ಳೋಕೂ ಆಗಲ್ಲ. ಎದುರಿಗೆ ಇನ್ನೊಬ್ರು ನಿಂತು ಅಂಚು ಹಿಡೀಬೇಕು. ಹದಿನೆಂಟು ವರ್ಷದಿಂದ ಹೊರೋದು ಲೋಕಮ್ಮ, ಎದುರಿಗೆ ನಿಂತು ಹಿಡಿಯೋದು ರೋಜಾ.

ಉದ್ಘಾಟನೆ ದಿನ ಫೋಟೋಕ್ಕೆ ಚೆಂದ ಕಾಣ್ಲಿ ಅಂತ ಮೇಷ್ಟ್ರು ಬುಟ್ಟಿ ತುಂಬ ಎಡೆ ಸುರ್ದ. ಅದೂ ಮನೆ ಅಡುಗೆ ಅಲ್ಲ ಮಾರಾಯ್ರೇ! ಹೋಟ್ಲಿಂದ ತಂದ ಚಿತ್ರಾನ್ನ, ಮೊಸರನ್ನ, ಮೇಲೆ ಒಂದಿಷ್ಟು ಬೇಯಿಸಿದ ಸೊಪ್ಪು. ಎದೆ ಮಟ್ಟದ ಸ್ಟ್ಯಾಂಡಿನ ಮೇಲಿಟ್ಟು, ಗಾಜಿನ ಪೆಟ್ಟಿಗೆ ಕವುಚಿ, ಹಂಗೇ ಬಿಟ್ಟ. ಒಂದಿನ ಅಲ್ಲ, ಎರಡು ದಿನ ಅಲ್ಲ… ಎಂಟು ದಿನ.

ಅತ್ತೆದು ಹನ್ನೊಂದನೇ ದಿನದ ಕಾರ್ಯ ಮುಗಿಸಿ ರೋಜಾ ಕೇಂದ್ರಕ್ಕೆ ಹೋದಾಗ್ಲೇ ಇದನ್ನ ನೋಡಿದ್ದು. ಗಾಜಿನ ಒಳಗೆ ಬೆವರು. ಒಳಗೆ ನೊಣ. ಸಗಣಿ ಸಾರಣೆ ನೆನೆದು, ಲೋಕಮ್ಮನ ಎಳೆ ಎಲ್ಲ ಬೊಕ್ಕೆ ಎದ್ದಂಗೆ ಎದ್ದಿದ್ವು. ನಾತ ಬರ್ಬಾರ್ದು ಅಂತ ಸುತ್ತ ಊದ್ಬತ್ತಿ ಹಚ್ಚಿಟ್ಟಿದ್ರು. ಥೂ! ಜನ ಅದ್ರ ಮುಂದೆ ನಿಂತು ಸೆಲ್ಫಿ ತಗಳ್ತಿದ್ರಂತೆ.

ರೋಜಾ ಕೇಳಿದ್ಲು, ‘ಮೇಷ್ಟ್ರೇ, ಇದನ್ನ ಯಾಕೆ ತುಂಬಿಸಿದ್ರಿ?’

‘ಏನ್ರೀ ರೋಜಾ, ಕೊಳೆಯೋದೂ ಒಂದು ಕಲೆ ಐತ್ರೀ. ದೊಡ್ಡ ದೊಡ್ಡ ಊರಾಗೆ ಹಿಂಗೇ ಮಾಡ್ತಾರೆ. ಸಮಾರೋಪಕ್ಕೆ ಜಿಲ್ಲೆಯಿಂದ ದೊಡ್ಡೋರು ಬರ್ತಾರೆ. ಅಲ್ಲಿ ತನಕ ಯಾರೂ ಮುಟ್ಟಂಗಿಲ್ಲ.’

ಕೊಳೆಯೋದು ಕಲೆ ಅಂತೆ. ಹಂಗಾದ್ರೆ ನಮ್ಮ ಅಂಗನವಾಡಿ ಹಿಂದಿನ ಚರಂಡಿಗೊಂದು ಪ್ರಶಸ್ತಿ ಕೊಡ್ಸಿ!

ಅದೇ ರಾತ್ರಿ, ಚಿತ್ತಾರಕ್ಕೆ ಅರೆದ ಅಕ್ಕಿ ಹಿಟ್ಟು ಬೆಳಗಿಗೆ ಹುಳಿ ಬರ್ತದೆ ಅಂತ ಕೂತು ಗೋಡೆ ಕೆಲಸ ಮುಗಿಸಿ ಬರುವಾಗ್ಲೇ ರೋಜಾಗೆ ಬಾವಿ ಹತ್ರ ಹಂಗಾಗಿದ್ದು.

ಮಾರನೇ ರಾತ್ರಿ ನಾನು ಅವಳ ಜೊತೆ ಮಲಗಿದ್ದೆ. ಅರುಣ ಬಸ್ ಡ್ರೈವರ್, ಡ್ಯೂಟಿ ಮೇಲೆ ಹೋಗಿದ್ದ. ದೆವ್ವ ಗಿವ್ವ ಎಂತ ಇಲ್ಲ ಸುಮ್ನಿರೇ ಅಂತ ಬೈದು ಮಲಗಿಸಿದ್ದೆ. ಎಷ್ಟೊತ್ತೋ ಏನೋ… ಹಿತ್ಲ ಕಡೆಯಿಂದ ಬಂತು. ಕಿರ್ರ್… ಕಿರ್ರ್… ಬಾಗ್ಲ ಹತ್ರ ಬಂದು ನಿಂತ್ಕೊಂತು. ತೊಟ್. ತೊಟ್. ಬಾಗ್ಲ ಕೆಳಗಿನ ಸಂದಿಯಿಂದ ಆ ನಾತ ಒಳಗೆ ಬಂತು ನೋಡಿ… ನಾನು ಸೆರಗು ಬಾಯಿಗೆ ತುರುಕ್ಕೊಂಡೆ.

‘ಕತ್ತು ನೋಯ್ತದೆ ಕಣೇ…’

ಗದರೋ ದನಿ ಅಲ್ಲ. ಗದರಿದ್ರೆ ಒಳ್ಳೇದಿತ್ತು. ನಾಟಿ ಮಾಡಿ ಬಂದ ಹೆಂಗಸು ಸಂಜೆ ಹೇಳ್ಕೊಳ್ತಾಳಲ್ಲ, ಹಂಗೆ.

ರೋಜಾ ಎದ್ದು ಚಿಲಕ ತೆಗೆಯೋಕೆ ಹೋದ್ಲು. ನಾನೇ ರಟ್ಟೆ ಹಿಡಿದು ಎಳೆದು ಕೂರಿಸಿದೆ. ಬಿಡ್ಲಿಲ್ಲ ನಾನು. ಬೆಳಗಾಗೋ ತನಕ ಬಿಡ್ಲಿಲ್ಲ.

ಬೆಳಿಗ್ಗೆ ರೋಜಾ ಕೇಂದ್ರದಲ್ಲಿ ಸಭೆ ಕರೆಸಿದ್ಲು. ನಾನು ಬಾಗ್ಲಲ್ಲಿ ನಿಂತಿದ್ದೆ. ‘ಬುಟ್ಟಿ ಗದ್ದೆಗೆ ಹೋಗ್ಬೇಕು. ನಮ್ಮತ್ತೆ ಹೊತ್ಕೊಂಡು ತಿರುಗ್ತಾ ಇದಾರೆ’ ಅಂದ್ಲು. ಮುಚ್ಚುಮರೆ ಇಲ್ದೆ ಹೇಳಿದ್ಲು. ಮೇಷ್ಟ್ರು ನಕ್ಕ. ಅವನು ನಗ್ಲಿ ಬಿಡಿ, ನಮ್ಮ ಕಡೆಯೋನಲ್ಲ, ಅವನಿಗೆ ಬುಟ್ಟಿ ಗೊತ್ತಿಲ್ಲ, ಗದ್ದೆ ಗೊತ್ತಿಲ್ಲ. ಉಳಿದೋರು? ಆರು ಜನ ಹೆಂಗಸ್ರು ಇದ್ರಲ್ಲ ಅಲ್ಲಿ, ಹುಟ್ಟಿದಾಗಿಂದ ಬುಟ್ಟಿ ಹೊತ್ತೋರು, ಅತ್ತೇದೋ ಅಮ್ಮಂದೋ ಬುಟ್ಟಿ ಇಳಿಸಿದೋರು! ಒಬ್ಬೊಬ್ರ ಮುಖ ನೋಡಿದೆ ನಾನು. ಎಲ್ರಿಗೂ ಗೊತ್ತು. ಎಲ್ರೂ ನೆಲ ನೋಡ್ತಾ ಇದ್ರು.

‘ಬುಟ್ಟಿ ತೆಗೀಬೇಕು ಅನ್ನೋರು ಕೈ ಎತ್ರೀ’ ಅಂದ ಮೇಷ್ಟ್ರು.

ರೋಜಾ ಒಬ್ಳೇ ಎತ್ತಿದ್ದು.

‘ಪೋಸ್ಟರ್ ಪ್ರಿಂಟಾಗಿದೆಯಲ್ಲೇ ರೋಜಾ…’ ಅಂದ್ಲು ಹೂವಮ್ಮ. ಲೋಕಮ್ಮನ ಹತ್ರಾನೇ ಎಳೆ ಎಳೆಯೋದು ಕಲಿತೋಳು ಇವ್ಳು. ‘ನಮ್ಮೆಲ್ರ ಹೆಸ್ರೂ ಇದೆ ಅದ್ರಲ್ಲಿ.’

ಬೇಲಿನೇ ಎದ್ದು ಹೊಲ ಮೇಯ್ದಂಗೆ. ನಂಗೆ ಆ ಕೊಳೆತ ಅನ್ನಕ್ಕಿಂತ ಈ ಹೂವಮ್ಮನ ಮುಖ ಹೇಸಿಗೆ ಅನ್ನಿಸ್ತು. ಉಗುಳಿ ಬಂದೆ. ನಿಜವಾಗ್ಲೂ, ಬಾಗ್ಲ ಹೊರಗೆ ಉಗುಳಿ ಬಂದೆ.

ಆದ್ರೆ ದಡ್ಡರು ಒಂದು ಮರೆತಿದ್ರು. ಆ ವಾರ ಕೀ ಇದ್ದಿದ್ದು ರೋಜಾ ಮನೇಲಿ.

ಮಾರನೇ ದಿನ ಬೆಳಗಿನ ಜಾವ ಮೂರೂವರೆ. ಹುಣ್ಣಿಮೆಲಿ ಬುಟ್ಟಿ ಹೊರಡೋ ಹೊತ್ತು ಅದೇ. ಇಬ್ರೂ ಹೋದ್ವಿ. ಕೈಲಿ ಟಾರ್ಚ್ ಹಿಡ್ಕೊಂಡಿದ್ದೆ. ಮಿಲ್ಲಿನ ಬಾಗ್ಲು ಕರ್ರೋ ಅಂತು. ರೋಜಾ ಗಾಜಿನ ಪೆಟ್ಟಿಗೆ ಎತ್ತಿದ್ಲು…

ಅಯ್ಯಪ್ಪಾ. ಹೇಳ್ಬೇಕಾ? ಬಿಳೀ ಹುಳ. ಅನ್ನದ ಅಗುಳು ಯಾವುದು ಹುಳ ಯಾವುದು ಗೊತ್ತಾಗ್ತಿರ್ಲಿಲ್ಲ. ಸೊಪ್ಪು ಕರೀ ಲೋಳೆ ಆಗಿ ಅಂಚಿಂದ ಇಳೀತಿತ್ತು. ಅಂಗನವಾಡೀಲಿ ಮೂವತ್ತು ಮಕ್ಕಳ ಉಚ್ಚೆ ಕಕ್ಕ ಬಳಿದ ಕೈ ನಂದು, ನಾನೇ ಗೋಡೆ ಹಿಡ್ಕೊಂಡು ವಾಂತಿ ಮಾಡಿದೆ. ರೋಜಾ ಮೂಗೂ ಮುಚ್ಲಿಲ್ಲ. ಸಿಂಬೆ ಸುತ್ತಿ ತಲೆ ಮೇಲಿಟ್ಟು, ಸ್ಟ್ಯಾಂಡಿಗೆ ಆತು ಬಗ್ಗಿ, ತಲೆ ಕೊಟ್ಟು ಎದ್ಲು. ರಸ ಕೆನ್ನೆ ಮೇಲೆ ಇಳೀತು. ಕಣ್ಣಿಗೆ ಇಳೀತು. ಕಣ್ಣು ಮುಚ್ಕೊಂಡ್ಲು.

‘ದಾರಿ ಹೇಳ್ತಾ ಬಾ ಅಕ್ಕ’ ಅಂದ್ಲು.

ಬುಟ್ಟಿ ಹೋದ್ಮೇಲೆ ಖಾಲಿ ಸ್ಟ್ಯಾಂಡಿಗೆ ಮೇಷ್ಟ್ರು ‘ಶೂನ್ಯ’ ಅಂತ ಚೀಟಿ ಅಂಟಿಸಿ ಪ್ರದರ್ಶನ ಮುಂದುವರೆಸಿದ್ನಂತೆ, ಜಿಲ್ಲೆಯಿಂದ ಬಂದೋರು ಅದನ್ನೂ ಚೆನ್ನಾಗಿದೆ ಅಂದ್ರಂತೆ. ಅವನಿಗೆ ಎಂತ ಬಂತು ಕೇಡು? ಏನೂ ಇಲ್ಲ. ಚೆನ್ನಾಗೇ ಇದಾನೆ. ದೆವ್ವಕ್ಕೂ ಅವನು ಬೇಡ.

ಗದ್ದೆಗೆ ಮುಕ್ಕಾಲು ಕಿಲೋಮೀಟ್ರು. ನಾನು ಮುಂದೆ, ‘ಎಡಕ್ಕೆ… ಕಲ್ಲಿದೆ… ನೀರಿದೆ’ ಅಂತ. ಹಿಂದೆ ಕಿರ್ರ್… ಕಿರ್ರ್… ಆ ಸದ್ದು ಒಬ್ರದ್ದೋ ಇಬ್ರದ್ದೋ ತಿರುಗಿ ನೋಡ್ಲಿಲ್ಲ ನಾನು. ನೋಡ್ಬಾರ್ದು ಅಂತಲ್ಲ, ನಾತ ತಡಿಯೋಕಾಗ್ದೆ ದೂರ ದೂರ ನಡೀತಿದ್ದೆ.

ಬತ್ತ ತೆನೆ ಬಂದಿತ್ತು. ರೋಜಾ ಬದು ಇಳಿದು, ಅವ್ರು ಪ್ರತಿ ವರ್ಷ ಪೂಜೆ ಮಾಡೋ ಮೂಲೇಲಿ ನಿಂತ್ಲು.

‘ಅಕ್ಕ… ಕೈ ಕೊಡು. ಇಳಿಸ್ಬೇಕು.’

ನಾನು ಹತ್ತು ಮಾರು ದೂರ, ಬದುವಿನ ಮೇಲಿದ್ದೆ. ಒಂದು ಕೈಲಿ ಟಾರ್ಚು. ಒಂದು ಕೈಲಿ ಮೂಗಿಗೆ ಸೆರಗು. ಬರ್ತೀನಿ ಅಂದೆ… ಬಾಯಲ್ಲಿ ಅಂದೆ ಅಷ್ಟೇ. ಕಾಲು ಏಳ್ಲಿಲ್ಲ. ಹೆದರಿಕೆಗಲ್ಲ, ಆಣೆ ಮಾಡಿ ಹೇಳ್ತೀನಿ. ಹೇಸಿಗೆಗೆ. ಆ ಹುಳ, ಆ ಲೋಳೆ ನನ್ನ ಕೈಗೆ ತಾಗ್ತದಲ್ಲ ಅಂತ. ಹೂವಮ್ಮಂಗೆ ಉಗುಳಿ ಬಂದ ಮಹಾತಾಯಿ ನಾನು, ಹಂಗೇ ನಿಂತೆ.

‘ಅಕ್ಕಾ, ಬೇಗ…’

ಟಾರ್ಚ್ ಬೆಳಕು ಅವಳ ಮೇಲೇ ಇತ್ತು. ರೋಜಾ ಎರಡೂ ಕೈಲಿ ತನ್ನ ಕಡೆ ಅಂಚು ಹಿಡ್ಕೊಂಡ್ಲು. ಬುಟ್ಟಿ ತಲೆ ಬಿಟ್ಟು ಮೇಲೆದ್ದು, ಮುಂದಕ್ಕೆ ಬಂತು. ವಾಲಲಿಲ್ಲ. ಎದೆ ಮಟ್ಟಕ್ಕೆ ಬಂತು, ಸೊಂಟದ ಮಟ್ಟಕ್ಕೆ ಬಂತು, ಮೆಲ್ಲಗೆ ನೆಲಕ್ಕೆ ಕೂತ್ಕೊಂತು. ನಾಕು ಕೈ ಇಳಿಸಿದಂಗೆ, ಸಮ. ಒಂದು ಅಗುಳು ಚೆಲ್ಲಲಿಲ್ಲ.

ರೋಜಾ ಇನ್ನೂ ಕಣ್ಣು ಬಿಟ್ಟಿರ್ಲಿಲ್ಲ. ಸೆರಗಲ್ಲಿ ಮುಖ ಒರೆಸ್ಕೊಳ್ತಾ, ‘ಇಳೀತಲ್ಲ… ಬಿಡು ಅಕ್ಕ, ಸಾಕು’ ಅಂದ್ಲು.

ನಾನು ಬದುವಿನ ಮೇಲಿಂದ ‘ಹೂಂ’ ಅಂದೆ.

ರೋಜಾ ಅದನ್ನ ಅಲ್ಲೇ ಭೂಮಿಗೆ ಬಡಿಸಿದ್ಲು, ಅದಾದ ಮೇಲೆ ಬಾವಿ ಹತ್ರ ಯಾರೂ ಎಂತದೂ ಕಂಡಿಲ್ಲ, ಹಿತ್ಲ ಬಾಗ್ಲಿಗೂ ಯಾರೂ ಬಂದಿಲ್ಲ. ಬೇಕಾದ್ರೆ ನಾಳೆ ಹೋಗಿ ರೋಜಾನ್ನ ಕೇಳಿ. ಆವತ್ತು ಗದ್ದೇಲಿ ಎದುರಿಗೆ ನಿಂತು ಹಿಡಿದಿದ್ದು ನಮ್ಮ ಸುನಿತಕ್ಕ, ಅವಳಿಲ್ದೆ ಇದ್ರೆ ಆಗ್ತಿರ್ಲಿಲ್ಲ ಅಂತಾಳೆ. ಪ್ರತಿ ಹಬ್ಬಕ್ಕೂ ಕರೆದು ಮೊದ್ಲ ಎಲೆ ನಂಗೇ ಹಾಕ್ತಾಳೆ. ನಾನು ಕೂತು ಉಣ್ತೀನಿ.