ಕೇಳದೆ ಕಳಿಸುವ ಕಂಪ್ಯೂಟರು

...ಅಲ್ಲ ಕಣೋ ತಮ್ಮಾ, ವೈರಸ್ಸೂ ಅಲ್ಲ, ಗಿರಸ್ಸೂ ಅಲ್ಲ. ಹಿಂದುಗಡೆ ತನ್ನ ಪಾಡಿಗೆ ಓಡ್ತಾ ಇರುತ್ತಲ್ಲ, ಆ ಸರ್ವಿಸ್ಸು! ನಾನಿಲ್ಲಿ ಯಾವುದೋ ಅಂಗಡಿಯ ಹೆಸರಿನ ಬೋರ್ಡಿನ ಡಿಸೈನ್ ಸೇವ್ ಮಾಡೋದೇ ತಡ, ನಿನ್ನ ಕಂಪ್ಯೂಟರಿಗೂ ಒಂದು ಪ್ರತಿ ಕಳಿಸಿಬಿಡುತ್ತೆ. ನನ್ನ ಒಂದು ಮಾತು ಕೇಳಬೇಡ್ವಾ ಅದು?

ಯಾಕೆ ನಗ್ತೀಯಾ? ಹೌದಪ್ಪಾ, ಹಾಕಿಸು ಹಾಕಿಸು ಅಂತ ಹೋದ ವರ್ಷ ನಿನ್ನ ಜೀವ ತಿಂದೋಳು ನಾನೇ. ಈಗ ಬೇಡ ಅಂತಿರೋಳೂ ನಾನೇ. ಅಕ್ಕ ಅಂದಮೇಲೆ ಅಷ್ಟಾದ್ರೂ ಅಧಿಕಾರ ಬೇಡ್ವಾ?

ನಾನೇನೂ ಕೈಕಟ್ಟಿ ಕೂತಿರಲಿಲ್ಲ. ಬೆಳಗ್ಗೆಯಿಂದ ನಾಲ್ಕು ಸಲ ನಿಲ್ಲಿಸಿದೆ. ನಿಲ್ಲಿಸಿದಾಗ ನಿಲ್ಲುತ್ತೆ, ಪಾಪ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಶುರು. ಮೊಂಡು... ಥೇಟ್ ನಿನ್ನ ಹಾಗೆ. ಕೊನೆಗೆ ನೆಟ್ಟಿನ ಡಬ್ಬಿಯಿಂದ ವೈರನ್ನೇ ಕಿತ್ತಿಟ್ಟೆ.

ಏನು ಹಾಗೆ ನೋಡ್ತೀಯಾ? ಹ್ಞೂಂ, ನೆಟ್ಟು ತಾನಾಗಿ ಹೋಗಿದ್ದಲ್ಲ. ಡಾಕ್ಟರಮ್ಮನ ಬೋರ್ಡು ಮೇಲ್ ಮಾಡೋಕಾಗದೆ ನೀನು ನೆಟ್ಟಿನವರಿಗೆ ಫೋನಿನಲ್ಲಿ ಬೈತಾ ಇದ್ದೆಯಲ್ಲ, ಕೇಳಿಸ್ತು. ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸ್ತು. ನನ್ನ ಕಂಪ್ಯೂಟರು ಸ್ಲೋ ಆಗಿದೆ ಕಣೋ, ಅದಕ್ಕೇ ಇದು ಬೇಡ ಅಂದಿದ್ದು. ಬೇರೆ ಏನಿರುತ್ತೆ?

ಹಾಂ, ಅದೇ, ಸರ್ವಿಸ್ಸುಗಳ ಪಟ್ಟಿ. ‘ಡಿಸೇಬಲ್’ ಅಂತ ಹಾಕಬೇಕಿತ್ತಾ? ಇಷ್ಟೇನಾ! ನಾನು ಬರೀ ನಿಲ್ಲಿಸ್ತಾ ಇದ್ದೆ, ಇನ್ನು ಏಳಬೇಡ ಅಂತ ಹೇಳಿರಲೇ ಇಲ್ಲ.

ಸರಿ, ಮುಗೀತಲ್ಲ, ಏಳು. ಟೀ ಕುಡಿಯೋಣ... ಅದೇನು ತೆಗೀತಿದೀಯಾ? ಕಳಿಸೋಕೆ ಬಾಕಿ ಇರೋ ಫೈಲಾ? ಅದೆಲ್ಲ ಬೇಡ, ಮುಚ್ಚು. ಯಾರದೋ ಗಿರಾಕಿದು. ಒಂದೇ ತಾನೇ ಇರೋದು, ನಾನೇ ಆಮೇಲೆ... ತೆಗೀಬೇಡ ಅಂದ್ನಲ್ಲ ಕಣೋ...

...

ಅಕ್ಷರ ಸ್ವಲ್ಪ ದಪ್ಪ ಆಯ್ತು, ಅಲ್ವಾ?

ಏನೋ, ಮತ್ತೆ ಮತ್ತೆ ಹೆಸರನ್ನೇ ಓದ್ತೀಯಾ?

ಹೌದು. ಈ ಬೋರ್ಡಿನಲ್ಲಿ ಒಂದೇ ಹೆಸರಿದೆ. ನಂದು. ಬಸ್ ನಿಲ್ದಾಣದ ಹಿಂದೆ, ಚಿಕ್ಕ ಅಂಗಡಿ... ನೋಡಿಟ್ಟಿದೀನಿ. ಅಭ್ಯಾಸಬಲ, ಎಲ್ಲ ಬೋರ್ಡುಗಳ ಜೊತೆಗೇ ಸೇವ್ ಮಾಡಿಬಿಟ್ಟೆ. ಅಳಿಸೋಕೆ ಹೋದೆ... ಕೈ ಬರಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಕಣೋ, ಆಣೆಗೂ ಇಲ್ಲ. ಹನ್ನೆರಡು ವರ್ಷ ಎದುರುಬದುರು ಕೂತು ಕೆಲಸ ಮಾಡಿದೀವಿ. ನನ್ನದೇ ಅಂತ ಒಂದು ಮಾಡಬೇಕು ಅನ್ನಿಸ್ತು, ಅಷ್ಟೇ. ನಾನು ಬಾಯಿಬಿಟ್ಟು ಹೇಳೋ ಮೊದಲು ಆ ಹಾಳಾದ್ದು ನಿನಗೆ ಹೇಳಿಬಿಡುತ್ತೆ ಅಂತ ಹೆದರಿದೆ.

ಏನಾದ್ರೂ ಅನ್ನೋ. ಬೈದಾದ್ರೂ ಬಿಡು.

ನೀನು ಹೀಗೆ ಕೂತುಬಿಟ್ರೆ ನಾನು ಹೇಗೋ ಹೋಗಲಿ?