ಪೂಜೆ ಮಾಡಿದ ಕಾರ್ಡು

ಎಪ್ಪತ್ತೆಂಟರಲ್ಲಿ, ಖಂಡೆಪೂಜೆ, ಅಂದರೆ ದಸರೆಯ ಆಯುಧಪೂಜೆ, ಮುಗಿದ ಮೂರನೆಯ ದಿನ, ಇಂಡಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ನನಗೆ ಗುರುತಿಲ್ಲದ ಒಬ್ಬ ಅಕ್ಕ, ಅವಳ ತಮ್ಮ. ತಮ್ಮ ಪುಣೆಯ ಯಾವುದೋ ಕಾರ್ಖಾನೆಯಲ್ಲಿ ಕಂಪ್ಯೂಟರ್ ಎಂಬ ಯಂತ್ರದ ಕೋಣೆಯಲ್ಲಿ ಕೆಲಸಕ್ಕಿದ್ದವನು. ಆಗತಾನೆ ಸೊಲ್ಲಾಪುರದ ಬಸ್ಸಿಳಿದಿದ್ದ.

“ರಜಾ ಹೆಂಗ ಕೊಟ್ರೋ ಮಡಿವಾಳಪ್ಪ?”

“ಯಂತ್ರನ ಬಂದ್ ಬಿದ್ದೈತಿ ಯಕ್ಕಾ. ಚಾಲೂನ ಆಗವಲ್ದು.”

“ಏನಾಗೈತಿ ಅದಕ್ಕ?”

“ಅದನ್ನ ಎಬ್ಬಸಾಕ ತೂತು ಹೊಡದ ಕಾರ್ಡಿನ ಕಟ್ಟು ಇರತೈತಿ. ಪೂಜಿ ದಿನ ಮೊದಲನೇ ಕಾರ್ಡಿಗೆ ನಾನು ಹಸಿ ಕುಂಕುಮ ಹಚ್ಚಿದ್ನಿ. ಒರಸಿದರೂ ಹಾಳಿ ಉಬ್ಬಿ ಒಂದು ತೂತು ಮುಚ್ಚೇತಿ.”

“ಹಾಳಿಗೆ ಯಾರರೆ ಕುಂಕುಮ ಹಚ್ಚತಾರೇನೋ, ಹುಚ್ಚಪ್ಪ!”

“ಬಿತ್ತೋ ಕೂರಿಗಿಗೆ ಹಚ್ಚಂಗಿಲ್ಲೇನು? ಅದೂ ಕೆಲಸದ ಸಾಮಾನ ಅಲ್ಲೇನು?”

“ಸಾಹೇಬರಿಗೆ ಹೇಳಿದಿ?”

“ಇಲ್ಲ. ಅವರು ಯಂತ್ರ ಬಿಚ್ಚಿ ಹುಡಕಾಕತ್ತಾರ. ಧೂಳ ಒರಸೋ ಬಾಬೂರಾಯ ತಂತಿ ಜಗ್ಗ್ಯಾನಂತ ತಿಳದಾರ. ನಾಳೆ ಅವನ್ನ ಕೆಲಸದಿಂದ ತೆಗೀತಾರ.”

“ಕಾರ್ಡ್ ಹೊಸಾದು ಮಾಡಾಕ ಬರತೈತೇನು?”

“ನಾನ ಹೊಡೀತೇನಿ. ಎರಡು ನಿಮಿಷದ ಕೆಲಸ.”

ಅಕ್ಕ ಅವನ ಚೀಲ ಎತ್ತಿ ಅವನ ಕೈಗೇ ಕೊಟ್ಟಳು.

“ಮನ್ಯಾಗ ಹೋಳಗಿ ಮಾಡೇನಿ. ಅದು ನಿನಗ ಈಗ ಗಂಟಲದಾಗ ಇಳಿಯಂಗಿಲ್ಲ. ಏಳು, ತಿರುಗಿ ಹೋಗಿ ಖರೇ ಹೇಳು.”

“ನನ್ನ ತೆಗದರ?”

“ತೆಗದರ ನಮ್ಮನ್ಯಾಗ ಉಣ್ಣಾಕ ಐತಿ. ಅವಗ ಏನೈತಿ?”

ಅವನು ಇಳಿದಿದ್ದ ಬಸ್ಸೇ ಸೊಲ್ಲಾಪುರಕ್ಕೆ ತಿರುಗಿ ನಿಂತಿತ್ತು. ತಮ್ಮ ಹತ್ತಿದ. ಬಸ್ಸು ಹೊರಟಾಗ ಅಕ್ಕ ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ನಡೆದಳು.

“ದೀಪಾವಳಿಗೆ ಬರುವಾಗ ಆ ಬಾಬೂರಾಯನ್ನೂ ಕರಕೊಂಡು ಬಾ,” ಎಂದು ಕೂಗಿ, ತನ್ನೂರು ಸಾಲೋಟಗಿಯ ದಾರಿ ಹಿಡಿದಳು.