ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ಗಂಡ ತೀರಿಕೊಂಡ ತಂಗಿ ಖಾಸಿಂಬಿಗೆ ಹೊಲಿಗೆ ಯಂತ್ರ ಕೊಡಿಸುತ್ತೇನೆಂದು ರಾಜೇಸಾಬ ಏಳು ವರ್ಷದ ಹಿಂದೆ ಮಾತು ಕೊಟ್ಟಿದ್ದನಂತೆ. ಪರರಾಜ್ಯದ ಉಧ್ನಾ ರೈಲು ನಿಲ್ದಾಣದಲ್ಲಿ ಮಗಳನ್ನು ಮಲಗಿಸಿಕೊಂಡು ಕುಳಿತಿದ್ದ ನನಗೆ, ಪಕ್ಕದ ಬೆಂಚಿನಿಂದ ಗದಗಿನ ಕಡೆಯ ಕನ್ನಡ ಕೇಳಿಸಿತು. ರಾಜೇಸಾಬನ ತೊಡೆಯ ಮೇಲೆ ಹೊಸ ಫ್ಯಾನಿನ ಡಬ್ಬಿಯಿತ್ತು. ಅವನ ತಮ್ಮ ದಾವಲಸಾಬ ಅದನ್ನೇ ನೋಡುತ್ತಿದ್ದ.

“ಯಣ್ಣಾ, ಇದು ಊರ ಮಸೂತಿಗೇನು?”

“ಹೂಂ. ರೆಕ್ಕಿ ಮ್ಯಾಲೆ ನನ್ನ ಹೆಸರು ಬರಸೇನಿ.”

“ತಿರುಗೂ ಫ್ಯಾನಿನಾಗ ಹೆಸರು ಹೆಂಗ ಕಾಣತೈತಿ?”

“ನಮಾಜು ಮುಗದ ಮ್ಯಾಲೆ ಸ್ವಲ್ಪ ಹೊತ್ತು ಫ್ಯಾನ್ ಬಂದ್ ಮಾಡ್ರಿ ಅಂತ ಹೇಳೇನಿ.”

“ದಾನ ಗುಟ್ಟಾಗಿ ಕೊಡಬೇಕಂತಾರಲ್ಲೋ.”

“ನೋಡಿದ್ರ ಇನ್ನ ನಾಕು ಮಂದಿ ಕೊಡತಾರ. ಅದೂ ಪುಣ್ಯನ.”

“ಮೊದಲು ಹತ್ತರದವರಿಗೆ ಕೊಡ್ರಿ ಅಂತ ಮೌಲಾನಾ ಹೇಳಿಲ್ಲೇನು? ಖಾಸಿಂಬಿ ಅಕ್ಕನ ಬೆರಳು ಸೂಜಿ ಚುಚ್ಚಿ ಚುಚ್ಚಿ ತೂತಾಗ್ಯಾವು.”

“ಆಕಿ ಸಲುವಾಗಿ ದಿನಾ ಐದು ಹೊತ್ತು ದುವಾ ಮಾಡತೀನಿ!”

“ದುವಾ ಕುಪ್ಪಸ ಹೊಲಿತೈತೇನು?”

“ಮಷೀನಿನ ಮ್ಯಾಲೆ ಹೆಸರು ಬರಸಿದ್ರ ಯಾರು ನೋಡತಾರೋ?”

“ಅಕ್ಕ ನೋಡತಾಳ.”

“ಆಕಿಗೆ ನನ್ನ ಹೆಸರು ಗೊತ್ತೈತಿ ಬಿಡು.”

ರೈಲು ಬಂತು. ಡಬ್ಬಿಯನ್ನು ಎದೆಗವಚಿಕೊಂಡು ಅಣ್ಣ ಹತ್ತಿದ, ಎರಡು ಚೀಲ ಹಿಡಿದು ತಮ್ಮ ಹತ್ತಿದ. ಅವರ ಸಾಮಾನಿನಲ್ಲಿ ಹೊಲಿಗೆ ಯಂತ್ರ ಇರಲಿಲ್ಲ.